ಪದ ಬೇಕಾಗಿದೆ: ‘ಒಂದು ಹವಳ’ ಅಂದರೆ ಯಾವುದು ಒಂದು? ‘ಮೆಳೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳು ನಮ್ಮೂರಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಹವಳದ ಬಗ್ಗೆ ಒಂದು ಗಂಟೆ ಮಾತಾಡಬೇಕಿದೆ. ನಮ್ಮದು ಕರಾವಳಿಯ ಊರು. ನೇತ್ರಾಣಿ ದ್ವೀಪ ಇಲ್ಲಿಂದ ದೂರವಿಲ್ಲ. ಅದರ ಸುತ್ತ ಹವಳ ಇದೆ ಅನ್ನುವುದು ಮಕ್ಕಳಿಗೂ ಗೊತ್ತು. ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿ ನೀರಿಗಿಳಿದು ಬಂದವರ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದ್ದಾರೆ. ಹಾಗಾಗಿ ಹವಳ ಹೇಗಿರುತ್ತದೆ ಅಂತ ಹೇಳುವುದು ಕಷ್ಟವಲ್ಲ. ಹವಳ ಹೇಗೆ ಹುಟ್ಟುತ್ತದೆ, ಹುಟ್ಟುವಾಗ ಯಾರಿಂದ ಏನೇನು ಪಡೆದುಕೊಂಡು ಬರುತ್ತದೆ ಅನ್ನುವಲ್ಲಿ ಬಂದು ನಿಂತುಬಿಟ್ಟೆ. ಓದಿಕೊಂಡದ್ದೆಲ್ಲ ತಲೆಯಲ್ಲಿದೆ, ಬಾಯಿಗೆ ಪದ ಬರುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ‘ಒಂದು’ ಅನ್ನುವ ಪದದ ತೊಡಕು ಹೇಳುತ್ತೇನೆ. ನನ್ನ ಅಜ್ಜಿಯ ಕರಿಮಣಿಯಲ್ಲಿ ತಾಳಿಯ ಆಚೀಚೆ ಎರಡು ಹವಳ ಇದ್ದವು. ಅಜ್ಜಿಗೆ ‘ಒಂದು ಹವಳ’ ಅಂದರೆ ಒಂದು ಮಣಿ. ಅಕ್ಕಸಾಲಿಗರ ಲೆಕ್ಕವೂ ಅದೇ. ಸಮುದ್ರದೊಳಗೆ ಮೂರು ಥರದ ‘ಒಂದು’ ಇವೆ. ಪಾಲಿಪ್ ಅನ್ನುವ ಪುಟ್ಟ ಪ್ರಾಣಿ ಮೊದಲನೆಯದು. ಒಂದು ಬಾಯಿ, ಬಾಯಿಯ ಸುತ್ತ ದಾರದೆಳೆಯಂಥ ಕೈಗಳು, ಕೆಳಗೆ ಕೂರಲು ಸುಣ್ಣದ ಬಟ್ಟಲು, ಇಷ್ಟೇ. ಅಂಥ ಸಾವಿರಾರು ಪಾಲಿಪ್‌ಗಳು ಮೈಗೆ ಮೈ ಸೇರಿಸಿಕೊಂಡು ಒಂದು ಗಡ್ಡೆಯೋ ಪೊದೆಯೋ ಆಗುತ್ತವೆ. ಅದು ಎರಡನೆಯ ‘ಒಂದು’. ಇದಕ್ಕೆ ‘ವಸಾಹತು’ ಅಂತ ಬರೆದಿರುವುದನ್ನು ನೋಡಿದ್ದೇನೆ. ಹಿಂದಿನ ಪಿರಿಯಡ್ಡಿನಲ್ಲಿ ಬ್ರಿಟಿಷರ ವಸಾಹತು ಓದಿ ಬಂದ ಮಕ್ಕಳ ಮುಂದೆ ಆ ಪದ ಇಡಲು ನನಗೆ ಮನಸ್ಸಿಲ್ಲ. ‘ಹವಳದ ಪೊದೆ’ ಅಂತಲೇ ಹೇಳುತ್ತೇನೆ, ಅದಕ್ಕೆ ಚರ್ಚೆ ಬೇಡ.

ಚರ್ಚೆ ಬೇಕಿರುವುದು ಮೂರನೆಯ ‘ಒಂದಕ್ಕೆ’. ಒಂದು ಮೊಟ್ಟೆಗೆ ಒಂದು ವೀರ್ಯಾಣು ಸೇರಿ ಒಂದು ಮರಿ ಆಯಿತು ಅಂದುಕೊಳ್ಳಿ. ಮರಿ ಕೆಲವು ದಿನ ನೀರಿನಲ್ಲಿ ಈಜಿ, ಗಟ್ಟಿ ಜಾಗ ಹುಡುಕಿ ಕೂತಿತು. ಪಾಲಿಪ್ ಆಯಿತು. ಅದರ ಮಗ್ಗುಲಲ್ಲಿ ಇನ್ನೊಂದು ಮೊಗ್ಗೊಡೆಯಿತು, ಮತ್ತೊಂದು ಮೊಗ್ಗೊಡೆಯಿತು, ಪೊದೆ ಬೆಳೆಯಿತು. ಒಂದು ವರ್ಷ ಬಿರುಗಾಳಿ ಬಂತು. ಹತ್ತು ಟೊಂಗೆ ಮುರಿದು ಬಿದ್ದವು. ಅದರಲ್ಲಿ ಆರು ಟೊಂಗೆ ಬಿದ್ದಲ್ಲೇ ಅಂಟಿಕೊಂಡು ಆರು ಹೊಸ ಪೊದೆ ಆದವು. ಈಗ ನೀರಿಗಿಳಿದವರಿಗೆ ಕಾಣುವುದು ಏಳು ಪೊದೆ. ಆದರೆ ಏಳರ ಮೈಯಲ್ಲೂ ಇರುವುದು ಆ ಒಂದೇ ಮೊಟ್ಟೆ, ಆ ಒಂದೇ ವೀರ್ಯಾಣುವಿನಿಂದ ಬಂದ ವಂಶವಾಹಿಗಳು. ಈ ಏಳನ್ನೂ ಸೇರಿಸಿ ವಿಜ್ಞಾನಿಗಳು ಒಂದು ‘ಜೆನೆಟ್’ ಅನ್ನುತ್ತಾರೆ. ಏಳರಲ್ಲಿ ಒಂದೊಂದೂ ಒಂದು ‘ರಾಮೆಟ್’. ಎರಡೂ ಗಿಡಮರಗಳ ಅಧ್ಯಯನದಿಂದ ಹವಳಕ್ಕೆ ಬಂದ ಪದಗಳು. ಇವೆರಡಕ್ಕೂ ಕನ್ನಡ ಬೇಕು.

‘ಜೆನೆಟ್’ ಅಂತಲೇ ಬರೆಯಿರಿ, ಏನಾಯಿತು ಅಂತ ಕೆಲವರು ಹೇಳಬಹುದು. ಹಾಗೇ ಬರೆಯೋಣ ಅಂತ ನಾನೂ ಹೊರಟಿದ್ದೆ. ಜೀನ್, ಜೆನೆಟಿಕ್ಸ್, ಜೆನೆಟ್ ಮೂರೂ ಒಟ್ಟಿಗೆ ಬಂದಾಗ ನನ್ನ ಅಕ್ಕನ ಮಗನಿಗೇ ಎಲ್ಲ ಕಲಸಿಹೋಯಿತು. ಅವನು ಓದುತ್ತಿರುವುದು ಒಂಬತ್ತನೇ ಕ್ಲಾಸು. ಅದಕ್ಕಿಂತ ಮುಖ್ಯವಾಗಿ, ಈ ಪದ ಇಲ್ಲದಿದ್ದರೆ ಹವಳದ ಲೆಕ್ಕವೇ ತಪ್ಪುತ್ತದೆ. ಅದನ್ನು ಒಂದು ಹವಳ ಇಟ್ಟುಕೊಂಡು ತೋರಿಸುತ್ತೇನೆ.

ಕೆರಿಬಿಯನ್ ಸಮುದ್ರದಲ್ಲಿ ಅಕ್ರೊಪೋರಾ ಪಾಲ್ಮಾಟಾ ಅನ್ನುವ ಹವಳ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಕೊಂಬಿನ ಹೆಸರಿಟ್ಟಿದ್ದಾರೆ. ನಮ್ಮ ಮಕ್ಕಳು ಆ ಪ್ರಾಣಿಯನ್ನು ನೋಡಿಲ್ಲ. ನಮ್ಮ ಚುಕ್ಕೆಜಿಂಕೆಗಾಗಲಿ ಕಡವೆಗಾಗಲಿ ಅಷ್ಟು ಚಪ್ಪಟೆ ಕೊಂಬಿಲ್ಲ. ಪಾಲ್ಮಾಟಾ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಅಂಗೈಯಂಥದ್ದು. ಹವಳವೂ ಹಾಗೇ ಇದೆ. ದಪ್ಪ ಮುಂಗೈ, ಮೇಲೆ ಚಾಚಿದ ಅಗಲವಾದ ಅಂಗೈ, ತುದಿಯಲ್ಲಿ ಮೊಂಡು ಬೆರಳುಗಳು. ನಾನು ‘ಅಂಗೈ ಹವಳ’ ಅನ್ನುತ್ತಿದ್ದೇನೆ. ಅದರ ಹತ್ತಿರದ ನೆಂಟ ಅಕ್ರೊಪೋರಾ ಸರ್ವಿಕಾರ್ನಿಸ್. ಅದರ ಕಡ್ಡಿಗಳು ಸಪೂರ, ಅದಕ್ಕೆ ‘ಜಿಂಕೆಕೊಂಬು ಹವಳ’ ಸರಿಯಾಗಿಯೇ ಹೊಂದುತ್ತದೆ.

ಅಂಗೈ ಹವಳ ಮುರಿದು ಹರಡುವುದರಲ್ಲಿ ಗಟ್ಟಿಗ. ಆಗ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಇಲಿಯಾನಾ ಬಾಮ್ಸ್ ಮತ್ತು ಅವರ ಜೊತೆಯವರು ಕೆರಿಬಿಯನ್ ಉದ್ದಗಲಕ್ಕೂ ಈ ಹವಳದ ಡಿಎನ್‌ಎ ತೆಗೆದು ನೋಡಿ 2006ರಲ್ಲಿ ಪ್ರಕಟಿಸಿದರು. ಪೂರ್ವದ ದ್ವೀಪಗಳ ಕಡೆ ಮೊಟ್ಟೆಯಿಂದ ಹುಟ್ಟಿದವು ಜಾಸ್ತಿ, ಪಶ್ಚಿಮದ ಕಡೆ ಮುರಿದು ಹಬ್ಬಿದವು ಜಾಸ್ತಿ ಅಂತ ಕಂಡುಬಂತು. ಹವಳ ಕಟ್ಟಿದ ಕೆಲವು ದಿಬ್ಬಗಳಲ್ಲಿ (ಇಂಗ್ಲಿಷಿನ ‘ರೀಫ್’) ಕಣ್ಣು ಹಾಯಿಸಿದಷ್ಟೂ ಪೊದೆ, ಎಲ್ಲವೂ ಒಂದೇ ಜೆನೆಟ್. ಇಲ್ಲೇ ತೊಡಕು ಇರುವುದು. ಈ ಹವಳದ ಒಂದೊಂದು ಪಾಲಿಪ್ಪೂ ಗಂಡೂ ಹೌದು, ಹೆಣ್ಣೂ ಹೌದು. ಹಾಗಿದ್ದರೂ ತನ್ನ ಮೊಟ್ಟೆಗೆ ತನ್ನದೇ ವೀರ್ಯಾಣು ಸಾಮಾನ್ಯವಾಗಿ ಒಗ್ಗುವುದಿಲ್ಲ. ಒಂದೇ ಜೆನೆಟ್‌ನ ಇನ್ನೊಂದು ಪೊದೆಯ ವೀರ್ಯಾಣುವೂ ‘ತನ್ನದೇ’ ಆಯಿತಲ್ಲ. ಹಾಗಾಗಿ ದಿಬ್ಬದ ತುಂಬ ಹವಳ ಇದ್ದು, ಎಲ್ಲವೂ ಒಂದೇ ರಾತ್ರಿ ಮೊಟ್ಟೆ ಬಿಟ್ಟು, ಮರಿ ಮಾತ್ರ ಆಗದೇ ಹೋಗಬಹುದು.

ಈಗ ‘ಸಮುದ್ರದಲ್ಲಿ ಸಾವಿರ ಹವಳ ನೆಟ್ಟರು’ ಅಂತ ಕನ್ನಡ ಪೇಪರಿನಲ್ಲಿ ಒಂದು ಸಾಲು ಬಂತು ಅನ್ನಿ. ಓದಿದವರಿಗೆ ಖುಷಿಯಾಗುತ್ತದೆ. ಆ ಸಾವಿರ ಎಷ್ಟು ಜೆನೆಟ್‌ನಿಂದ ಬಂದವು ಅಂತ ಕೇಳಲು ನಮ್ಮ ಹತ್ತಿರ ಪದವೇ ಇಲ್ಲ. ಸಾವಿರವೂ ಒಂದರಿಂದಲೇ ಕತ್ತರಿಸಿದ ತುಂಡುಗಳಾದರೆ ನೆಟ್ಟದ್ದು ಸಾವಿರ, ಇರುವುದು ಒಂದು. 2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳ ಸುತ್ತ ನೀರು ಕಾದು, ಅಲ್ಲಿ ಉಳಿದಿದ್ದ ಅಂಗೈ ಹವಳ, ಜಿಂಕೆಕೊಂಬು ಹವಳ ಎರಡೂ ಬಹುತೇಕ ಸತ್ತೇ ಹೋದವು. ಅಲ್ಲಿಯವರು ಆಗ ಮಾಡಿದ ಲೆಕ್ಕದಲ್ಲಿ ಪೊದೆಗಳ ಎಣಿಕೆಯಷ್ಟೇ ಮುಖ್ಯವಾಗಿದ್ದದ್ದು ಎಷ್ಟು ಜೆನೆಟ್ ಉಳಿದವು ಅನ್ನುವುದು. ಆ ಸುದ್ದಿಯನ್ನು ಕನ್ನಡದಲ್ಲಿ ಸರಿಯಾಗಿ ಹೇಳಲಾಗದೆ ನಾನು ಅವತ್ತೇ ಒದ್ದಾಡಿದ್ದೆ.

ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಕಳಲೆ ಹೆಚ್ಚುತ್ತಿದ್ದರು. ಹೊರಗಿನ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಬಿಲ್ಲೆ ಮಾಡಿ, ನೀರಿನ ಪಾತ್ರೆಗೆ ಹಾಕುತ್ತಿದ್ದರು. ಮಳೆ ಹೊಯ್ಯುತ್ತಿತ್ತು. ಅಂಗಳದಾಚೆ ಬಿದಿರು ಬಾಗಿ ನಿಂತಿತ್ತು. ನನ್ನ ತಲೆಯಲ್ಲಿ ಇದೇ ಓಡುತ್ತಿತ್ತಲ್ಲ, ಸುಮ್ನೆ ಕೇಳಿದೆ: “ಹಿತ್ತಿಲಲ್ಲಿ ಒಟ್ಟು ಎಷ್ಟು ಬಿದಿರು ಇದೆ ದೊಡ್ಡಮ್ಮ?”

“ಗಳ ಲೆಕ್ಕವೋ, ಮೆಳೆ ಲೆಕ್ಕವೋ?” ಅಂದರು. ಕತ್ತಿ ನಿಲ್ಲಿಸಲೂ ಇಲ್ಲ. “ಗಳ ಯಾರು ಎಣಿಸ್ತಾರೆ ಮಾರಾಯ್ತಿ. ಮೆಳೆ ಮೂರು.”

ನನಗೆ ಮೈ ಜುಮ್ ಅಂದಿತು. ಒಂದು ಬೀಜ ಬಿದ್ದು ಮೊಳೆತು, ಬುಡದಲ್ಲೇ ಕಳಲೆ ಒಡೆದು ಒಡೆದು ನೂರು ಗಳ ಆದರೂ ಮೆಳೆ ಒಂದೇ. ಎರಡು ಬೇರೆ ಲೆಕ್ಕ, ಎರಡು ಬೇರೆ ಪದ. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಇದನ್ನೇ ಅಲ್ವಾ ಅನ್ನಿಸಿತು. ಬಿದಿರು ಇನ್ನೂ ಒಂದು ವಿಷಯದಲ್ಲಿ ಹವಳಕ್ಕೆ ಹತ್ತಿರ. ಹೆಬ್ಬಿದಿರು ಹತ್ತಾರು ವರ್ಷ ಬರೀ ಕಳಲೆಯಿಂದಲೇ ಹಬ್ಬುತ್ತದೆ. ಆಮೇಲೆ ಒಂದು ವರ್ಷ ಕಾಡಿನ ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಸುರಿಸುತ್ತದೆ. ಹೂ ಬಿಟ್ಟ ಬಿದಿರು ಸಾಯುತ್ತದೆ, ಹವಳ ಸಾಯುವುದಿಲ್ಲ. ಅದು ವರ್ಷಕ್ಕೊಮ್ಮೆ ಮೊಟ್ಟೆ ಬಿಟ್ಟು ಮತ್ತೆ ತನ್ನ ಪಾಡಿಗೆ ಬೆಳೆಯುತ್ತದೆ.

ಹಾಗಾದರೆ ಜೆನೆಟ್ ಅಂದರೆ ‘ಮೆಳೆ’ ಅಂತ ಅಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ನಾನೇ ಇನ್ನೊಂದು ಪ್ರಶ್ನೆ ಕೇಳಿದೆ. ಈ ಮೆಳೆಯ ಒಂದು ಬುಡ ಕಿತ್ತು ತೋಟದ ಆಚೆ ನೆಟ್ಟರೆ ಅದು ಇದೇ ಮೆಳೆಯೋ, ಬೇರೆ ಮೆಳೆಯೋ?

ದೊಡ್ಡಮ್ಮ ಸ್ವಲ್ಪ ಯೋಚಿಸಿದರು. “ಬೇರೆ ಮೆಳೆಯೇ. ಅಲ್ಲಿ ನೆಟ್ಟ ಮೇಲೆ ಅಲ್ಲಿದೇ ಅಲ್ವಾ. ಆದ್ರೆ ಹೂ ಬಂದ್ರೆ ಎರಡಕ್ಕೂ ಒಟ್ಟಿಗೇ ಬರ್ತದೆ, ನೋಡ್ತಿರು.”

ಇದು ನನ್ನ ನಿಜವಾದ ಪ್ರಶ್ನೆ. ದಿನಬಳಕೆಯಲ್ಲಿ ಮೆಳೆ ಅನ್ನುವುದು ಜಾಗಕ್ಕೆ ಅಂಟಿಕೊಂಡ ಪದ. ನಿಘಂಟಿನಲ್ಲೂ ಒತ್ತಾಗಿ ಬೆಳೆದ ಪೊದೆ ಅನ್ನುವ ಅರ್ಥವೇ ಸಿಗುತ್ತದೆ. ಮುಳ್ಳುಕಂಟಿಗೂ ಮೆಳೆ ಅನ್ನುತ್ತೇವೆ, ಅದರಲ್ಲಿ ಹತ್ತು ಬಗೆಯ ಗಿಡ ಸೇರಿಕೊಂಡಿರಬಹುದು. ಹವಳದ ಜೆನೆಟ್ ಹಾಗಲ್ಲ. ಅದರ ಒಂದು ತುಂಡು ಬಿರುಗಾಳಿಗೆ ಸಿಕ್ಕಿ ದೂರ ಹೋಗಿರಬಹುದು. ಇನ್ನೊಂದು ತುಂಡನ್ನು ಯಾರೋ ನರ್ಸರಿಗೆ ಒಯ್ದು ತೊಟ್ಟಿಯಲ್ಲಿ ಇಟ್ಟಿರಬಹುದು. ಎಲ್ಲಿದ್ದರೂ ಅದು ಅದೇ ಜೆನೆಟ್. ‘ಮೆಳೆ’ಯನ್ನು ಅಷ್ಟು ಎಳೆಯಬಹುದೇ? ಎಳೆದರೆ ಬಿದಿರು ಗೊತ್ತಿರುವವರ ಕಿವಿಗೆ ತಪ್ಪು ಅನ್ನಿಸುವುದಿಲ್ಲವೇ?

‘ತಳಿ’ ಅನ್ನಬಹುದಲ್ಲ ಅಂತ ಒಬ್ಬರು ಸ್ನೇಹಿತರು ಹೇಳಿದರು. ಒಂದು ರೀತಿಯಲ್ಲಿ ಒಳ್ಳೆಯ ಪದ. ಆಪೂಸು ಮಾವಿನ ತಳಿ ಅಂದರೆ ಕಸಿ ಕಟ್ಟಿ ಕಟ್ಟಿ ಹಬ್ಬಿಸಿದ್ದು. ಧಾರವಾಡದ ಆಪೂಸು, ರತ್ನಾಗಿರಿಯ ಆಪೂಸು ಎರಡರ ಮೂಲವೂ ಒಂದೇ. ಅಲ್ಲಿ ತಳಿ ಅಂದರೆ ಹೆಚ್ಚುಕಡಿಮೆ ಜೆನೆಟ್ಟೇ. ಆದರೆ ರಾಗಿಯ ತಳಿ, ಹಸುವಿನ ತಳಿ ಅಂದಾಗ ಹಾಗಲ್ಲ. ಅಮೃತಮಹಲ್ ತಳಿಯ ಎರಡು ಹಸು ಒಂದರ ಅಚ್ಚು ಇನ್ನೊಂದಲ್ಲ. ತಳಿಶಾಸ್ತ್ರ ಅನ್ನುವ ಪದವೂ ಆಗಲೇ ಇದೆ. ಹಾಗಾಗಿ ‘ತಳಿ’ ನನಗೆ ಒಪ್ಪಿಗೆಯಾಗಲಿಲ್ಲ. ‘ಒಂದೇ ಬುಡದವು’ ಅನ್ನುವುದು ಕಿವಿಗೆ ಹಿತವಾಗಿದೆ, ಆದರೆ ನಾಮಪದವಾಗಿ ನಿಲ್ಲುವುದಿಲ್ಲ.

ರಾಮೆಟ್‌ಗೆ ಬಾಳೆಯ ‘ಕಂದು’ ಹತ್ತಿರ ಬರುತ್ತದೆ. ತಾಯಿಯ ಬುಡದಿಂದ ಕಿತ್ತು ಬೇರೆ ಕಡೆ ನೆಟ್ಟರೂ ಹಣ್ಣಿನ ರುಚಿ ಅದೇ. ಒಂದೇ ಕೊರತೆ, ಕಂದು ತಾನಾಗಿ ಮೊಳೆಯುತ್ತದೆ, ಹವಳದ ತುಂಡು ಮುರಿದು ಬೀಳುತ್ತದೆ. ದಾಸವಾಳದ ಕಡ್ಡಿ ಚುಚ್ಚುವುದಕ್ಕೆ ಅದು ಹತ್ತಿರ. ಇದನ್ನು ನಿಮಗೇ ಬಿಡುತ್ತೇನೆ.

ಹವಳಕ್ಕೆ ಗಿಡದ ಮಾತು ಇಷ್ಟು ಚೆನ್ನಾಗಿ ಹೊಂದುವುದು ಅಚ್ಚರಿಯಲ್ಲ. ‘ಹವಳ’ ಹಳಗನ್ನಡದಲ್ಲಿ ‘ಪವಳ’. ಅದು ಸಂಸ್ಕೃತದ ‘ಪ್ರವಾಲ’ದಿಂದ ಬಂದದ್ದು. ಪ್ರವಾಲಕ್ಕೆ ಹವಳ ಅನ್ನುವ ಅರ್ಥದ ಜೊತೆ ಎಳೆಯ ಚಿಗುರು ಅನ್ನುವ ಅರ್ಥವೂ ಇದೆ. ಹೆಸರಿನಲ್ಲೇ ಚಿಗುರು ಕೂತಿದೆ. ಅಂದಹಾಗೆ ಅಜ್ಜಿಯ ಕರಿಮಣಿಯ ಕೆಂಪು ಹವಳ ದಿಬ್ಬ ಕಟ್ಟುವ ಹವಳವಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಬೇರೆ ಕುಲದ್ದು. ಅದರಲ್ಲಿ ಗಂಡು ಪೊದೆ ಬೇರೆ, ಹೆಣ್ಣು ಪೊದೆ ಬೇರೆ. ಮರಿ ತಾಯಿಯ ಒಳಗೇ ಬೆಳೆದು ಹೊರಗೆ ಬರುತ್ತದೆ. ಕತ್ತಿನಲ್ಲಿದ್ದ ಆ ಎರಡು ಮಣಿ ಗಂಡಿನದೋ ಹೆಣ್ಣಿನದೋ ಅಂತ ಅಜ್ಜಿ ಇದ್ದಿದ್ದರೆ ಕೂತು ಮಾತಾಡಬಹುದಿತ್ತು.

ಇನ್ನು ಕ್ರಿಯಾಪದ. ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ, ನಾಯಿ ಮರಿ ಹಾಕುತ್ತದೆ, ಕೋಳಿ ಮೊಟ್ಟೆ ಇಡುತ್ತದೆ. ಹವಳ ಏನು ಮಾಡುತ್ತದೆ? ‘ಮೊಟ್ಟೆ ಇಡುತ್ತದೆ’ ಅಂದರೆ ಒಂದು ಜಾಗ ನೋಡಿ ಇಟ್ಟ ಹಾಗಾಯಿತು. ಅಂಗೈ ಹವಳದ ಪಾಲಿಪ್ ಮಾಡುವುದು ಬೇರೆ. ಕೆಲವು ಮೊಟ್ಟೆಗಳನ್ನು ವೀರ್ಯಾಣುವಿನ ಜೊತೆ ಸೇರಿಸಿ ಒಂದು ಪೊಟ್ಟಣ ಕಟ್ಟುತ್ತದೆ. ಪೊಟ್ಟಣ ಸಾಸಿವೆ ಕಾಳಿನಷ್ಟು, ನಸುಗೆಂಪು ಬಣ್ಣ. ಮೊದಲು ಅದನ್ನು ಬಾಯಿಯ ಹತ್ತಿರ ತಂದು ಹಿಡಿದುಕೊಳ್ಳುತ್ತದೆ. ಪೊದೆಯ ತುಂಬ ನಸುಗೆಂಪು ಚುಕ್ಕೆ ಕಾಣುತ್ತವೆ. ಆಮೇಲೆ ಒಂದೊಂದಾಗಿ ಕೈಬಿಡುತ್ತವೆ. ಮೊಟ್ಟೆಯಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಪೊಟ್ಟಣ ತೇಲಿ ಮೇಲೆ ಬರುತ್ತದೆ, ಅಲ್ಲಿ ಬಿಚ್ಚಿಕೊಳ್ಳುತ್ತದೆ. ಬೇರೆ ಜೆನೆಟ್‌ನ ಮೊಟ್ಟೆ, ಬೇರೆ ಜೆನೆಟ್‌ನ ವೀರ್ಯಾಣು ಕೂಡುವುದು ಅಲ್ಲೇ, ನೀರಿನ ಮೇಲೆ.

‘ಬಿಡು’ ಇದಕ್ಕೆ ಹೇಳಿ ಮಾಡಿಸಿದ ಪದ ಅಂತ ನನ್ನ ಅನಿಸಿಕೆ. ಮಾವು ಹೂ ಬಿಡುತ್ತದೆ, ಹಲಸು ಕಾಯಿ ಬಿಡುತ್ತದೆ, ಹವಳ ಮೊಟ್ಟೆ ಬಿಡುತ್ತದೆ. ಸಾಕಿ ಸಲಹುವ ಮಾತಿಲ್ಲ, ಕೈಬಿಟ್ಟ ಮೇಲೆ ನೀರಿನ ಪಾಲು. ಮೊಟ್ಟೆಯ ಜೊತೆ ವೀರ್ಯಾಣುವೂ ಇದೆ, ಬರೀ ಮೊಟ್ಟೆಯಲ್ಲ ಅನ್ನುವ ತಕರಾರಿಗೆ ‘ಪೊಟ್ಟಣ ಬಿಡುತ್ತದೆ’ ಅನ್ನಬಹುದು.

ಹೊತ್ತಿನ ಲೆಕ್ಕಕ್ಕೆ ನಮ್ಮ ಪಂಚಾಂಗದಲ್ಲಿ ಪದ ಸಿದ್ಧವಾಗಿಯೇ ಇದೆ. ಅಂಗೈ ಹವಳ ಮೊಟ್ಟೆ ಬಿಡುವುದು ಸಾಮಾನ್ಯವಾಗಿ ಆಗಸ್ಟ್ ಹುಣ್ಣಿಮೆ ಕಳೆದ ಮೂರು, ನಾಲ್ಕು, ಐದನೇ ರಾತ್ರಿ, ಸೂರ್ಯ ಮುಳುಗಿ ಎರಡು ಮೂರು ಗಂಟೆಗೆ. ಅಂದರೆ ಹೆಚ್ಚುಕಡಿಮೆ ಶ್ರಾವಣ ಬಹುಳ ತದಿಗೆ, ಚೌತಿ, ಪಂಚಮಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹತ್ತಾರು ಜಾತಿಯ ಹವಳಗಳು ಹೀಗೆ ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಮೊಟ್ಟೆ ಬಿಡುತ್ತವೆ ಅಂತ ಪೀಟರ್ ಹ್ಯಾರಿಸನ್ ಮತ್ತು ಜೊತೆಯವರು 1984ರಲ್ಲಿ ಪ್ರಕಟಿಸಿದಾಗ ಲೋಕಕ್ಕೇ ಹೊಸ ಸುದ್ದಿ. ಚಂದ್ರ ಹೇಗೆ ಗೊತ್ತಾಗುತ್ತದೆ? 2021ರಲ್ಲಿ ತೈವಾನಿನಲ್ಲಿ ಒಂದು ಜಾತಿಯ ಹವಳದ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಚಂದದ ಉತ್ತರ ಕೊಟ್ಟಿತು. ಹುಣ್ಣಿಮೆಯವರೆಗೂ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೇಲಿರುತ್ತಾನೆ. ಹುಣ್ಣಿಮೆ ಕಳೆದರೆ ಚಂದ್ರ ತಡವಾಗಿ ಹುಟ್ಟುತ್ತಾನೆ. ಸಂಜೆಗೂ ಚಂದ್ರೋದಯಕ್ಕೂ ನಡುವೆ ಒಂದು ತುಂಡು ಕತ್ತಲೆ ಬರುತ್ತದೆ. ಹವಳ ಗುರುತಿಸುವುದು ಆ ಕತ್ತಲೆಯನ್ನು. ಸಂಕಷ್ಟಿಯ ದಿನ ನನ್ನ ಅಮ್ಮ ಉಪವಾಸ ಕೂತು, ಚಂದ್ರ ಯಾವಾಗ ಕಾಣುತ್ತಾನೆ ಅಂತ ಅಂಗಳಕ್ಕೆ ಹತ್ತು ಸಲ ಹೋಗಿ ಬರುತ್ತಾರೆ. ಬಹುಳ ಚೌತಿಯ ಆ ಕಾಯುವ ಹೊತ್ತೇ ಹವಳದ ಹೊತ್ತು. ಮಕ್ಕಳಿಗೆ ಇದಕ್ಕಿಂತ ಬೇರೆ ವಿವರಣೆ ಬೇಡ ಅನ್ನಿಸುತ್ತದೆ.

‘ಲೈಂಗಿಕ ಸಂತಾನೋತ್ಪತ್ತಿ’ ಅನ್ನುವ ಪದವನ್ನು ನಾನು ಆದಷ್ಟು ದೂರ ಇಡುತ್ತಿದ್ದೇನೆ. ಇವತ್ತು ಪೇಪರಿನಲ್ಲಿ ‘ಲೈಂಗಿಕ’ ಅನ್ನುವ ಪದ ಯಾವ ಪದದ ಜೊತೆ ಬರುತ್ತದೆ ಅಂತ ನಿಮಗೆ ಗೊತ್ತು. ಹೆಣ್ಣುಮಕ್ಕಳು ಆ ಪದ ಕೇಳಿದ ಕೂಡಲೇ ತಲೆ ತಗ್ಗಿಸುತ್ತಾರೆ. ‘ಇಬ್ಬರಿಂದ ಹುಟ್ಟುವುದು’, ‘ಒಂದು ಮುರಿದು ಎರಡಾಗುವುದು’ ಅಂತ ಬಿಡಿಸಿಯೇ ಹೇಳುತ್ತೇನೆ. ಎರಡರ ವ್ಯತ್ಯಾಸವೂ ಹಾಗೇ ಸುಲಭವಾಗಿ ಗೊತ್ತಾಗುತ್ತದೆ. ಅಂಗೈ ಹವಳದ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 28 ವರ್ಣತಂತು, ಅಂದರೆ 14 ಜೋಡಿ. ಮೊಟ್ಟೆಗೆ ಹೋಗುವುದು ಪ್ರತಿ ಜೋಡಿಯಿಂದ ಒಂದೊಂದು. ಯಾವ ಜೋಡಿಯಿಂದ ಯಾವುದು ಅನ್ನುವುದು ಇಸ್ಪೀಟ್ ಎಲೆ ಕಲಸಿದ ಹಾಗೆ. ಅದರ ಮೇಲೆ ಜೋಡಿಗಳು ತಮ್ಮೊಳಗೇ ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಮುರಿದು ಬಿದ್ದ ಟೊಂಗೆಯಲ್ಲಿ ಈ ಕಲಸಾಟ ಯಾವುದೂ ಇಲ್ಲ. ನೀರು ಕಾಯುವಾಗ ಯಾವ ಎಲೆ ಕೆಲಸಕ್ಕೆ ಬರುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೇ ಮೊಟ್ಟೆಯಿಂದ ಬಂದ ಮರಿಗಳು ಬೇಕು.

ನನ್ನ ಎರಡನೆಯ ದೊಡ್ಡ ಪ್ರಶ್ನೆ ‘ಬಳುವಳಿ’ ಪದದ್ದು. ವಂಶವಾಹಿಯ ಮಾತು ಬಂದಾಗ ಕನ್ನಡದಲ್ಲಿ ‘ತಂದೆಯಿಂದ ಬಳುವಳಿಯಾಗಿ ಬಂತು’, ‘ಅಜ್ಜನ ಬಳುವಳಿ’ ಅಂತ ಧಾರಾಳವಾಗಿ ಬರೆಯುತ್ತೇವೆ. ಆದರೆ ಬಳುವಳಿ ಅಂದರೆ ಮೂಲದಲ್ಲಿ ಮದುವೆಯಾಗಿ ಹೋಗುವ ಹೆಣ್ಣಿಗೆ ತವರಿನವರು ಕೊಟ್ಟು ಕಳಿಸುವುದು. ಅದು ಹೆಣ್ಣಿನ ಜೊತೆ ನಡೆದು ಬರುವ ಗಂಟು. ಹವಳದಲ್ಲಿ ನಿಜವಾಗಿಯೂ ಅಂಥ ಗಂಟು ಇದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬರುವುದು ಮೊಟ್ಟೆಯ ಕಡೆಯಿಂದ. ಹವಳದ ಒಳಗೆ ಇದ್ದು ಬಿಸಿಲಿನಿಂದ ಅದಕ್ಕೆ ಊಟ ಮಾಡಿ ಬಡಿಸುವ ಪಾಚಿಯೂ ಕೆಲವು ಹವಳಗಳಲ್ಲಿ ಮೊಟ್ಟೆಯೊಳಗೇ ತುಂಬಿಕೊಂಡು ಬರುತ್ತದೆ. ಮಾಂಟಿಪೋರಾ ಅನ್ನುವ ಕುಲದ ಹವಳಗಳು ಹಾಗೆ. ಅಂಗೈ ಹವಳದ ಮೊಟ್ಟೆಯಲ್ಲಿ ಪಾಚಿ ಇರುವುದಿಲ್ಲ, ಮರಿ ಅದನ್ನು ನೀರಿನಿಂದಲೇ ಹುಡುಕಿಕೊಳ್ಳಬೇಕು. ಒಂದು ಮನೆಯಲ್ಲಿ ಪಾತ್ರೆಪಡಗ ಸಮೇತ ಕಳಿಸಿದರು, ಇನ್ನೊಂದು ಮನೆಯಲ್ಲಿ ಬರಿಗೈಯಲ್ಲಿ ಕಳಿಸಿದರು.

ಈ ಗಂಟು ಸಣ್ಣದಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ತುದಿಯ ನೀರು ಬೆಚ್ಚಗೆ, ದಕ್ಷಿಣಕ್ಕೆ ಹೋದಂತೆ ತಣ್ಣಗೆ. ಎರಡೂ ಕಡೆಯ ಅಕ್ರೊಪೋರಾ ಮಿಲೆಪೋರಾ ಹವಳಗಳ ಮೊಟ್ಟೆ, ವೀರ್ಯಾಣುಗಳನ್ನು ಅದಲುಬದಲಾಗಿ ಕೂಡಿಸಿ, ಮರಿಗಳನ್ನು ಬಿಸಿ ನೀರಿನಲ್ಲಿಟ್ಟು ನೋಡಿದ ಫಲಿತಾಂಶ 2015ರಲ್ಲಿ ಬಂತು. ತಂದೆತಾಯಿ ಬೆಚ್ಚನೆಯ ಕಡೆಯವರಾದರೆ ಮರಿ ಬದುಕುವ ಸಾಧ್ಯತೆ 10 ಪಟ್ಟಿನವರೆಗೂ ಹೆಚ್ಚು. ಅದರಲ್ಲಿ ಮೊಟ್ಟೆ ಕೊಟ್ಟವರ ಪಾಲು ದೊಡ್ಡದಿತ್ತು. ಅಂಗೈ ಹವಳದಲ್ಲೂ ಒಂದು ಕೆಲಸ ನಡೆದಿದೆ. ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದ ಹವಳದ ಮೊಟ್ಟೆಗೆ, ಫ್ಲಾರಿಡಾದ ಹವಳದಿಂದ ತೆಗೆದು ಹೆಪ್ಪುಗಟ್ಟಿಸಿ ಇಟ್ಟಿದ್ದ ವೀರ್ಯಾಣು ಸೇರಿಸಿ ಮರಿ ಮಾಡಿದರು. ಮೇರಿ ಹೇಗಡಾರ್ನ್ ಅವರ ತಂಡ ಅದನ್ನು 2021ರಲ್ಲಿ ಪ್ರಕಟಿಸಿತು. ತಾವಾಗಿ ಎಂದೂ ಭೇಟಿಯಾಗದಷ್ಟು ದೂರದ ಎರಡು ಹವಳಗಳ ಮಕ್ಕಳು ಅವು. ಅವುಗಳ ತವರು ಕ್ಯುರಸಾವ್.

ಹಾಗಾಗಿ ನನ್ನ ಸಲಹೆ ಹೀಗಿದೆ. ಎರಡೂ ಕಡೆಯಿಂದ ಬರುವುದಕ್ಕೆ ‘ಅನುವಂಶೀಯ’ ಇದ್ದೇ ಇದೆ. ‘ಬಳುವಳಿ’ಯನ್ನು ಮೊಟ್ಟೆಯ ಕಡೆಯಿಂದ ಮಾತ್ರ ಬರುವುದಕ್ಕೆ ಮೀಸಲಿಟ್ಟರೆ ಹೇಗೆ? ವರದಕ್ಷಿಣೆಯ ನೆನಪು ಬರುತ್ತದೆ ಅಂತ ಬೇಡ ಅನ್ನುವವರೂ ಇರಬಹುದು. ಅವರ ಮಾತಿಗೂ ತೂಕ ಇದೆ, ನನಗೂ ಆ ಹಿಂಜರಿಕೆ ಇದೆ. ಆದರೆ ಇಷ್ಟು ಕರಾರುವಾಕ್ಕಾದ ಪದ ಸುಮ್ಮನೆ ‘ಆಸ್ತಿ’ ಅನ್ನುವ ಅರ್ಥದಲ್ಲಿ ಕರಗಿಹೋಗುವುದನ್ನು ನೋಡಲು ಸಂಕಟವಾಗುತ್ತದೆ.

ಇಲ್ಲಿ ‘ತಾಯಿ’ ಅನ್ನುವ ಪದವನ್ನೂ ಜೋಪಾನವಾಗಿ ಬಳಸಬೇಕು. ಒಂದೇ ಪೊದೆ ಒಂದು ಮರಿಗೆ ತಾಯಿ, ಪಕ್ಕದ ಮರಿಗೆ ತಂದೆ. ಅಂಗೈ ಹವಳಕ್ಕೂ ಜಿಂಕೆಕೊಂಬು ಹವಳಕ್ಕೂ ಹುಟ್ಟುವ ಬೆರಕೆ ಹವಳ ಒಂದಿದೆ, ಅಕ್ರೊಪೋರಾ ಪ್ರೊಲಿಫೆರಾ. ಅದನ್ನು ಬಹಳ ಕಾಲ ಬೇರೆಯೇ ಜಾತಿ ಅಂದುಕೊಂಡಿದ್ದರು. 2002ರಲ್ಲಿ ವೋಲ್ಮರ್ ಮತ್ತು ಪಲುಂಬಿ ಅನ್ನುವ ಇಬ್ಬರು ಡಿಎನ್‌ಎ ನೋಡಿ ಅದು ಬೆರಕೆ ಅಂತ ತೋರಿಸಿದರು. ಮೊಟ್ಟೆ ಯಾರದು ಅನ್ನುವುದರ ಮೇಲೆ ಮರಿಯ ಆಕಾರವೇ ಬೇರೆಯಾಗುತ್ತದೆ ಅಂತಲೂ ಕಂಡರು. ಹೇಸರಗತ್ತೆಗೆ ಸಂತಾನ ಮುಂದುವರಿಸುವುದು ಕಷ್ಟ, ತನ್ನ ಕಾಲಕ್ಕೆ ಮುಗಿಯುತ್ತದೆ. ಈ ಬೆರಕೆ ಹವಳ ಹಾಗಲ್ಲ. ಅದರ ಟೊಂಗೆ ಮುರಿದು ಬಿದ್ದಲ್ಲೆಲ್ಲ ಮತ್ತೆ ಬೆಳೆಯುತ್ತದೆ. ಇದಕ್ಕೆ ನಾನು ‘ಬೆರಕೆ’ ಅಂತಲೇ ಬರೆಯುತ್ತಿದ್ದೇನೆ, ‘ಸಂಕರ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಮನುಷ್ಯರನ್ನು ಹೀಗಳೆಯಲು ಆ ಪದ ಬಳಸಿದ್ದು ಸಾಕಷ್ಟಾಗಿದೆ.

ಕೊನೆಗೆ ಒಂದು ವಿಷಯ. ನಮ್ಮ ಮನೆಯ ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ ಇದೆ. ಕಡುಗುಲಾಬಿ ಬಣ್ಣದ್ದು. ಎರಡು ವರ್ಷದ ಹಿಂದೆ ಅದರ ಒಂದೇ ಒಂದು ಟೊಂಗೆಯಲ್ಲಿ ಬಿಳಿ ಹೂ ಬಂತು. ಕಸಿ ಕಟ್ಟಿದ್ದಲ್ಲ, ಯಾರೂ ಏನೂ ಮಾಡಿದ್ದಲ್ಲ. ಬೆಳೆಯುವಾಗ ಆ ಟೊಂಗೆಯ ಜೀವಕೋಶದಲ್ಲಿ ಡಿಎನ್‌ಎಯ ಒಂದು ಅಕ್ಷರ ತಪ್ಪಿದೆ, ಅಷ್ಟೇ. ಆ ಟೊಂಗೆಯ ಕಡ್ಡಿ ಚುಚ್ಚಿದೆ, ಅದರಲ್ಲೂ ಬಿಳಿಯೇ ಬಂತು. ಹವಳದ ಒಂದು ಜೆನೆಟ್ ನೂರಾರು ವರ್ಷ ಬದುಕುತ್ತದೆ. ಅಷ್ಟು ಕಾಲದಲ್ಲಿ ಅದರ ಪೊದೆಗಳಲ್ಲಿ ಇಂಥ ತಿದ್ದುಗಳು ಅಲ್ಲೊಂದು ಇಲ್ಲೊಂದು ಸೇರುತ್ತಲೇ ಇರುತ್ತವೆ. ನಮ್ಮ ದೇಹದಲ್ಲಿ ಚರ್ಮದ ಕೋಶಕ್ಕೆ ಬಂದ ತಿದ್ದು ಮಕ್ಕಳಿಗೆ ಹೋಗುವುದಿಲ್ಲ. ಪ್ರಾಣಿಗಳಲ್ಲಿ ಹೀಗೇ ಅಂತ ನಾವೆಲ್ಲ ಓದಿದ್ದೇವೆ. ಆದರೆ ಕೇಟ್ ವಾಸ್ಕ್ವೆಜ್ ಕುಂಟ್ಸ್, ಬಾಮ್ಸ್ ಮತ್ತು ಜೊತೆಯವರು 2022ರಲ್ಲಿ ಅಂಗೈ ಹವಳದಲ್ಲಿ ಬೇರೆಯದನ್ನೇ ಕಂಡರು. ಪೊದೆ ಬೆಳೆಯುವಾಗ ಮೈಯಲ್ಲಿ ಬಂದ ತಿದ್ದುಗಳು ಮೊಟ್ಟೆಯಿಂದ ಹುಟ್ಟಿದ ಮರಿಗಳಿಗೂ ಹೋಗಿದ್ದವು.

ಇದರಿಂದ ನನ್ನ ಪದಕ್ಕೆ ಇನ್ನೊಂದು ತೊಡಕು ಬಂತು. ಜೆನೆಟ್ ಅಂದರೆ ‘ಎಲ್ಲ ಪೊದೆಗಳೂ ಒಂದೇ’ ಅಂದುಕೊಂಡಿದ್ದೆವು. ನಿಜವಾಗಿ ನೋಡಿದರೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ‘ಅಚ್ಚು’, ‘ಪಡಿಯಚ್ಚು’, ‘ತದ್ರೂಪು’ ಅನ್ನುವ ಪದಗಳು ಇಲ್ಲಿ ಬೇಡ. ಅವು ಒಂದಿಷ್ಟೂ ಬದಲಾಗದ್ದನ್ನು ಹೇಳುತ್ತವೆ. ‘ಮೆಳೆ’ಗೆ ಆ ಹಟ ಇಲ್ಲ. ಒಂದು ಮೆಳೆಯಲ್ಲಿ ಒಂದು ಗಳ ಸೊಟ್ಟಗಿದ್ದರೂ ಅದು ಆ ಮೆಳೆಯದೇ.

ನನ್ನ ಮನಸ್ಸು ‘ಮೆಳೆ’ಯ ಕಡೆಗೇ ವಾಲಿದೆ ಅಂತ ನಿಮಗೆ ಆಗಲೇ ಗೊತ್ತಾಗಿರಬೇಕು. ಆದರೂ ದೊಡ್ಡಮ್ಮನ ‘ಬೇರೆ ಮೆಳೆಯೇ’ ಅನ್ನುವ ಮಾತು ಕಿವಿಯಲ್ಲಿ ಉಳಿದಿದೆ. ಕೊಡಗು, ಹೆಗ್ಗಡದೇವನಕೋಟೆ, ಯಲ್ಲಾಪುರ, ಜೋಯಿಡಾ ಕಡೆಯವರು ಈ ಗುಂಪಿನಲ್ಲಿದ್ದೀರಿ. ನಿಮ್ಮಲ್ಲಿ ಬಿದಿರಿನ ಬುಡ ಕಿತ್ತು ಬೇರೆ ಕಡೆ ನೆಟ್ಟಾಗ, ಹಳೆಯದನ್ನೂ ಹೊಸದನ್ನೂ ಸೇರಿಸಿ ಹೇಳುವ ಪದ ಏನಾದರೂ ಇದೆಯೇ? ವೀಳ್ಯದೆಲೆ ಬಳ್ಳಿ, ಮಲ್ಲಿಗೆ, ಕಬ್ಬು ಬೆಳೆಯುವವರ ಬಾಯಲ್ಲಿ ಇದ್ದರೂ ಆದೀತು. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಪದ ಸಿಕ್ಕರೆ ಯಾವ ಊರಿನದು, ಯಾವ ಗಿಡಕ್ಕೆ ಹೇಳುತ್ತಾರೆ ಅಂತಲೂ ಬರೆಯಿರಿ. ಸಿಗದಿದ್ದರೆ ಶಾಲೆಯಲ್ಲಿ ‘ಹವಳದ ಮೆಳೆ’ ಅಂತಲೇ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಏನಂದರು ಅಂತ ಇಲ್ಲಿ ತಿಳಿಸುತ್ತೇನೆ.